ಕೇಳಿಸಿದ್ದೆಲ್ಲ ಕಾಣಿಸಬೇಕು

"ಹಾಗಾದ್ರೆ ನಾನು ಹುಟ್ಟಲೇಬಾರದಿತ್ತು ಅಂತೀರಾ?"

ಸಭಾಂಗಣದ ಕತ್ತಲೆಯಿಂದ, ಮೈಕಿನಲ್ಲಿ ಬಂದ ಗಂಡು ದನಿ. ಸಿಟ್ಟಿಗೆ ನಡುಗುತ್ತಿತ್ತು.

ವೇದಿಕೆಯ ಮೇಲಿದ್ದ ವಕೀಲೆ ಮಾತು ನಿಲ್ಲಿಸಿದಳು.

ಗ್ರಂಥಾಲಯದ ಮಹಡಿಯಲ್ಲಿ ಅವತ್ತು ಸಂವಾದ. ವಾರಕ್ಕೊಮ್ಮೆ ಪೇಪರಿನಲ್ಲಿ ಬರುವ ಅವಳ ಅಂಕಣ ಓದಿ ಮೆಚ್ಚಿಕೊಂಡವರು, ಉರಿದುಕೊಂಡವರು ಎಲ್ಲ ಸೇರಿ ಸಭಾಂಗಣ ತುಂಬಿತ್ತು. ದೇವರು ಬೇಕಾದವರು ಮನೆಯಲ್ಲಿಟ್ಟುಕೊಳ್ಳಲಿ, ಕಾನೂನಿನ ಪುಸ್ತಕದಲ್ಲಿ ಬೇಡ. ಬೇಡವಾದ ಮದುವೆಯಿಂದ ಹೊರಗೆ ಬರಲು ಯಾರ ಅಪ್ಪಣೆಯೂ ಬೇಡ. ನರಳಿ ನರಳಿ ಸಾಯುವವನ ಪಕ್ಕ ಕೂತು ಪಾಪಪುಣ್ಯದ ಪಾಠ ಹೇಳಬೇಡಿ... ಹೀಗೆ ಒಂದೊಂದು ಅಭಿಪ್ರಾಯಕ್ಕೆ ಒಂದೊಂದು ಗುಂಪು ಶತ್ರುಗಳನ್ನು ಸಂಪಾದಿಸಿಕೊಂಡ ಹೆಣ್ಣು. ಅಣ್ಣ ಚಿಕ್ಕಂದಿನಲ್ಲಿ ಇಟ್ಟ ಹೆಸರು ಬೆಂಕಿಪೊಟ್ಟಣ. ಈಗ ಕೋರ್ಟಿನಲ್ಲೂ ಹಿಂದಿನಿಂದ ಹಾಗೆಯೇ ಕರೆಯುತ್ತಾರೆ.

ಆಗಷ್ಟೇ ಅವಳು ಹೇಳಿದ್ದು ಇಷ್ಟು. "ಹೊಟ್ಟೆ ಅವಳದು, ತೀರ್ಮಾನವೂ ಅವಳದು. ಗಂಡನದಲ್ಲ, ಅತ್ತೆಯದಲ್ಲ, ಧರ್ಮಗುರುವಿನದಂತೂ ಅಲ್ಲವೇ ಅಲ್ಲ. ಮಗುವಿಗೆ ಏನೋ ಕೊರತೆ ಇದೆ ಅಂತ ಗೊತ್ತಾದಾಗಲೂ ಅಷ್ಟೇ."

ಅದಕ್ಕೇ ಈ ಪ್ರಶ್ನೆ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ದೀಪದ ಬೆಳಕು ನೇರ ಮುಖಕ್ಕೆ ಹೊಡೆಯುತ್ತಿತ್ತು. ವೇದಿಕೆಯ ಕೆಳಗೆ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಆಚೆ ಒಬ್ಬ ಗಂಡಸಿನ ತಲೆ, ಹೆಗಲು ಮಾತ್ರ ಕಂಡವು. ಕಪ್ಪು ಶರ್ಟು, ದಟ್ಟ ಕೂದಲು. ಎಲ್ಲಿಂದ ನೋಡಿದರೂ ಗಟ್ಟಿಮುಟ್ಟಾದ ಆಳು.

"ಕೊರತೆ ಅಂದ್ರಲ್ಲ, ಅದು ನಾನು," ಎಂದಿತು ಆ ದನಿ. "ನಮ್ಮಮ್ಮ ನಿಮ್ಮ ಭಾಷಣ ಕೇಳಿದ್ದಿದ್ರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ."

'ಇವನಿಗೇನು ಕೊರತೆಯಂತೆ... ಬುದ್ಧಿ ಒಂದು ಬಿಟ್ಟು?'

ಸಿಟ್ಟು ಬಂದರೆ ಅವಳಿಗೆ ಮೊದಲು ಮೂಗು ಕೆಂಪಾಗುತ್ತದೆ. ಆಯಿತು.

"ಬಸಿರಿನ ವಿಚಾರದಲ್ಲಿ ಬುದ್ಧಿ ಹೇಳೋಕೆ ಗಂಡಸರಿಗೆ ಎಲ್ಲಿಲ್ಲದ ಉತ್ಸಾಹ. ನೀವು ಯಾವತ್ತಾದ್ರೂ ಹೊಟ್ಟೇಲಿ ಹೊತ್ತಿದ್ದೀರೇನ್ರೀ?"

"ಹೊತ್ತಿದ್ದೀನಿ. ಎರಡು ಹೆತ್ತಿದ್ದೀನಿ."

ಸಭಾಂಗಣದ ತುಂಬ ನಗು. ಅವಳ ಕಿವಿಯವರೆಗೂ ರಕ್ತ ಏರಿತು.

"ಇಂಥ ಕೋಡಂಗಿಗಳನ್ನ ಒಳಗೆ ಬಿಟ್ಟಿದ್ದು ಯಾರು? ಮನುಷ್ಯರು ಮಾತಾಡೋ ಕಡೆ ಇಂಥವರಿಗೆ ಜಾಗ ಇರಬಾರದು. ಹೊರಗೆ ಕಳಿಸಿ."

ನಗು ತಟ್ಟನೆ ನಿಂತಿತು.

ನಾಲ್ಕನೇ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ವೇದಿಕೆಯನ್ನೊಮ್ಮೆ ನೋಡಿದಳು, ಚೀಲ ಹೆಗಲಿಗೆ ಹಾಕಿದಳು, ಸಾಲು ದಾಟಿ ಹೊರಗೆ ನಡೆದಳು. ಅವಳ ಮುಖ ಕೆನ್ನೆಗೆ ಹೊಡೆಸಿಕೊಂಡವರ ಹಾಗಿತ್ತು.

ಸಂಘಟಕರು ಓಡಿ ಬಂದು ವಕೀಲೆಯ ಕಿವಿಯಲ್ಲಿ ಪಿಸುಗುಟ್ಟಿದರು. "ಮೇಡಂ, ಆತ ದುಭಾಷಿ. ಈಗ ಎದ್ದುಹೋದ್ರಲ್ಲ, ಕಿವಿ ಕೇಳದ ಆಕೆ, ಅವರು ಸನ್ನೆಯಲ್ಲಿ ಕೇಳಿದ್ದನ್ನ ಬಾಯಲ್ಲಿ ಹೇಳಿದ್ದು ಅಷ್ಟೇ. ಮಾತೆಲ್ಲ ಆಕೇದು."

ವಕೀಲೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ.

* * *

ಸಭೆ ಮುಗಿದ ಮೇಲೆ ಅವನು ಮೆಟ್ಟಿಲ ಹತ್ತಿರ ನೀರು ಕುಡಿಯುತ್ತಿದ್ದ. ಅವಳು ನೇರ ಅಲ್ಲಿಗೇ ಹೋದಳು.

"ದುಭಾಷಿ ಅಂತ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಶುರುವಿನಲ್ಲೇ ಹೇಳಿದ್ರು ಮೇಡಂ. ನೀವು ಬಂದಿದ್ದು ತಡವಾಗಿ."

ಅದು ನಿಜ. ನಿಜ ಅಂತಲೇ ಅವಳ ಸಿಟ್ಟು ಇನ್ನೂ ಏರಿತು.

"ಸರಿ. ನಾನು ಬೈದಿದ್ದು ನಿಮ್ಮನ್ನ. ಅದನ್ನ ಆಕೆಗೆ ಯಾಕೆ ಹೇಳೋಕೆ ಹೋದ್ರಿ? ನುಂಗಿಕೊಳ್ಳೋಕೆ ಆಗ್ತಿರಲಿಲ್ವಾ?"

"ಆಗಲ್ಲ."

"ಒಂದು ವಾಕ್ಯ ರೀ!"

"ಒಂದು ಕೆಮ್ಮು ಆದ್ರೂ ಆಗಲ್ಲ. ಸಭೇಲಿ ಎಲ್ಲರಿಗೂ ಕೇಳಿಸಿದ್ದು ಆಕೆಗೆ ಕಾಣಿಸಬೇಕು. ಪೂರ್ತಿ. ಯಾವುದು ಆಕೆಗೆ ಬೇಕು, ಯಾವುದು ಬೇಡ ಅಂತ ಆರಿಸೋಕೆ ನಾನ್ಯಾರು?"

'ಆರಿಸೋಕೆ ನೀವ್ಯಾರು' ಎಂದು ಅವಳೇ ಅಲ್ಲವೇ ಒಂದು ಗಂಟೆ ವೇದಿಕೆಯ ಮೇಲೆ ಕೂಗಿದ್ದು? ತನ್ನ ಮಾತು ಇನ್ನೊಬ್ಬರ ಬಾಯಿಂದ ಬಂದು ತನಗೇ ಬಡಿದರೆ ಎಂಥವರಿಗೂ ನಾಲಿಗೆ ಹೊರಳುವುದಿಲ್ಲ.

"ಆಕೆ ಯಾರು?" ಎಂದಳು ಕೊನೆಗೆ.

"ಕಿವಿ ಕೇಳದ ಮಕ್ಕಳ ಶಾಲೇಲಿ ಹೊಲಿಗೆ ಕಲಿಸ್ತಾರೆ. ನಾನೂ ಅಲ್ಲೇ ಮೇಷ್ಟ್ರು. ಎಲ್ಲರೂ ಟೈಲರಕ್ಕ ಅಂತೀವಿ. ಸಂತೆಬೀದಿ ಮೂಲೇಲಿ ಅವರದೊಂದು ಅಂಗಡಿ ಇದೆ."

"ನನ್ನ ಜೊತೆ ಬನ್ನಿ. ಆಕೆ ಹತ್ರ ಕ್ಷಮೆ ಕೇಳಬೇಕು."

"ಕರೆದ್ರೆ ಬರ್ತೀನಿ. ಆದ್ರೆ ಕ್ಷಮೆ ನನ್ನ ಕೈಯಿಂದ ಬಂದ್ರೆ ಅವರು ನೋಡೋದು ನನ್ನ ಮುಖ. ನಿಮ್ಮದಲ್ಲ."

"ಮತ್ತೇನು ಮಾಡಬೇಕು?"

"ಕಲೀರಿ," ಎಂದ ಅವನು, ಅದೇನು ದೊಡ್ಡ ವಿಷಯ ಎಂಬಂತೆ.

* * *

ಹೀಗೆ ಶುರುವಾಯಿತು ಪಾಠ. ಶನಿವಾರ ಮಧ್ಯಾಹ್ನ, ಶಾಲೆಯ ಖಾಲಿ ತರಗತಿ, ಮಕ್ಕಳ ಸಣ್ಣ ಬೆಂಚು, ಅದರಲ್ಲಿ ಮೊಣಕಾಲು ಮಡಚಿ ಕೂತ ಊರಿನ ಹೆಸರುವಾಸಿ ವಕೀಲೆ.

"ಮುಖ ಸಡಿಲ ಬಿಡಿ," ಎನ್ನುತ್ತಿದ್ದ ಅವನು. "ಈ ಭಾಷೇಲಿ ಅರ್ಧ ಮಾತು ಮುಖದಲ್ಲಿದೆ. ಈ ಮುಖ ಇಟ್ಕೊಂಡು ಕ್ಷಮೆ ಕೇಳಿದ್ರೆ ಅದು ಬೈಗುಳ ಆಗುತ್ತೆ."

"ಇದು ನನ್ನ ಹುಟ್ಟು ಮುಖ."

"ಗೊತ್ತಾಯ್ತು."

ಅವನು ನಗುವುದಿಲ್ಲ. ಕಣ್ಣಿನ ಮೂಲೆ ಮಾತ್ರ ಸ್ವಲ್ಪ ಮಡಿಸಿಕೊಳ್ಳುತ್ತದೆ. ಆ ಮಡಿಕೆಗೋಸ್ಕರ ತಾನು ವಾರವಿಡೀ ಕಾಯುತ್ತೇನೆ ಎಂಬುದು ಅವಳಿಗೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಗೊತ್ತಾದ ದಿನ ತನ್ನ ಮೇಲೇ ಸಿಡುಕಿದಳು.

ಒಂದು ಶನಿವಾರ ಅವನು 'ದೇವರು' ಎಂಬ ಸನ್ನೆ ತೋರಿಸಿದ.

"ನನಗೆ ಅದು ಬೇಡ."

"ಇಲ್ಲ ಅನ್ನೋದಕ್ಕಾದ್ರೂ ಬೇಕಲ್ಲ ಮೇಡಂ."

ಕಲಿತಳು. ಕಲಿತ ಕೂಡಲೇ 'ಇಲ್ಲ' ಸೇರಿಸಿ ತೋರಿಸಿದಳು. ಕಣ್ಣಿನ ಮೂಲೆ ಮಡಿಸಿಕೊಂಡಿತು.

ಅವನು ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಮನೆ ಬಿಡುವವನು. ಅದನ್ನು ಅವನು ಮುಚ್ಚಿಡಲಿಲ್ಲ, ಮೆರೆಸಲೂ ಇಲ್ಲ. ಆದರೆ ಅವಳು ಏನು ಕೇಳಲಿ, ಶಾಲೆಯಲ್ಲಿ ಪ್ರಾರ್ಥನೆ ಬೇಕೋ ಬೇಡವೋ, ಮದುವೆಯಿಲ್ಲದೆ ಕೂಡಿ ಬಾಳಿದರೆ ತಪ್ಪೋ ಸರಿಯೋ, ಹೊಟ್ಟೆ ಯಾರದು, ಸಾವು ಯಾರದು... ಒಂದಕ್ಕೂ ತನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ.

"ನಿಮಗೆ ಅಂತ ಒಂದು ಮಾತು ಇಲ್ವಾ?" ಎಂದು ಅವಳು ಒಮ್ಮೆ ಬೆಂಚು ಬಡಿದಳು.

"ನಾನು ಒಂದು ಕಡೆ ನಿಂತೆ ಅಂತ ಗೊತ್ತಾದ್ರೆ, ಇನ್ನೊಂದು ಕಡೆಯವರ ಮಾತು ನನ್ನ ಕೈಯಲ್ಲಿ ಸರಿಯಾಗಿ ಬರುತ್ತೆ ಅಂತ ಯಾರೂ ನಂಬಲ್ಲ. ಅದಕ್ಕೇ ಇಟ್ಕೊಂಡಿಲ್ಲ."

'ಹೇಡಿ' ಎಂದುಕೊಂಡಳು ಮನಸ್ಸಿನಲ್ಲಿ. ಮರುಕ್ಷಣವೇ, 'ಈ ಹೇಡಿಯ ಕೈಬೆರಳು ಇಷ್ಟು ಚೆಂದ ಯಾಕಿರಬೇಕು' ಎಂದೂ ಅಂದುಕೊಂಡಳು. ಮನಸ್ಸಿಗೆ ನಾಚಿಕೆ ಎಂಬುದೇ ಇಲ್ಲ.

ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕೂತು ಬೆರಳಾಡಿಸುವುದನ್ನು ನೋಡಿ ನೋಡಿ ಅಮ್ಮನಿಗೆ ತಲೆ ಕೆಟ್ಟಿತ್ತು.

"ಬಾಯಲ್ಲಿ ಜಗಳ ಆಡಿದ್ದು ಸಾಲದು ಅಂತ ಕೈಯಲ್ಲೂ ಕಲೀತಿದ್ದೀಯಾ?"

"ಅಮ್ಮ, ಊಟ ಮಾಡೋಕೆ ಬಿಡು."

"ಪೇಪರಿನವರು ನಿನ್ನ ಅಭಿಪ್ರಾಯ ಕೇಳ್ತಾರೆ. ನನ್ನ ಅಭಿಪ್ರಾಯ ಕೇಳೋರು ಯಾರೂ ಇಲ್ಲ. ಆ ಮೇಷ್ಟ್ರು ಎಂಥವನು?"

"ಯಾವ ಮೇಷ್ಟ್ರು?"

"ಶನಿವಾರ ಮಾತ್ರ ನಿನ್ನ ತಲೆಗೆ ಬಾಚಣಿಗೆ ಸಿಗುತ್ತಲ್ಲ, ಆ ಮೇಷ್ಟ್ರು."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

* * *

ಕೈ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಅವಳು ಒಬ್ಬಳೇ ಟೈಲರಕ್ಕನ ಅಂಗಡಿಗೆ ಹೋದಳು. ಒಂದು ಹೊಲಿಗೆ ಮೆಷಿನ್ನು, ಗೋಡೆಗೆ ಆನಿಸಿದ ಬಟ್ಟೆಯ ಸುರುಳಿಗಳು, ಮೂಲೆಯಲ್ಲಿ ಅಳತೆ ನೋಡಲು ಪರದೆ ಕಟ್ಟಿದ ಪುಟ್ಟ ಜಾಗ.

ಎದುರು ನಿಂತು ಸನ್ನೆ ಮಾಡಿದಳು. 'ಅವತ್ತು ತಪ್ಪು ನನ್ನದು. ಕೊರತೆ ಅನ್ನೋ ಮಾತು ಕೆಟ್ಟದ್ದು. ವಾಪಸ್ ತಗೊಂಡೆ.'

ಟೈಲರಕ್ಕ ಪೂರ್ತಿ ನೋಡಿದಳು. ಎದ್ದು ಬಂದು ವಕೀಲೆಯ ಬೆರಳು ಹಿಡಿದು, ಒಂದು ಸನ್ನೆ ತಪ್ಪಾಗಿದ್ದನ್ನು ತಿದ್ದಿದಳು. ಆಮೇಲೆ ಕೇಳಿದಳು, 'ಹೊಟ್ಟೆಯ ವಿಚಾರ?'

'ಅದು ಬದಲಾಗಿಲ್ಲ. ತೀರ್ಮಾನ ಹೊತ್ತವಳದು.'

ಟೈಲರಕ್ಕ ತಿರುಗಿ ಮೆಷಿನ್ನಿನ ಮುಂದೆ ಕೂತಳು. ಬೆನ್ನು ಈ ಕಡೆ.

ಕಿವಿ ಕೇಳುವವರು ಎಷ್ಟು ಮುನಿಸಿಕೊಂಡರೂ ನಾಲ್ಕು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಟೈಲರಕ್ಕ ಬೆನ್ನು ತಿರುಗಿಸಿದರೆ ಮುಗಿಯಿತು. ವಕೀಲೆ ಅಲ್ಲಿ ಎಷ್ಟು ಹೊತ್ತು ನಿಂತರೂ ಪ್ರಯೋಜನವಿರಲಿಲ್ಲ.

ಅಂಥವಳು ಒಂದು ದಿನ ತಾನಾಗಿ ವಕೀಲೆಯ ಆಫೀಸಿಗೆ ಬಂದಳು. ಪಕ್ಕದಲ್ಲಿ ದುಭಾಷಿ ಮೇಷ್ಟ್ರು. ಟೈಲರಕ್ಕನ ಕೈ ಓಡಿತು, ಅವನ ಬಾಯಿ ಹಿಂಬಾಲಿಸಿತು.

"ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಆದ್ರೆ ಜಗಳ ಆಡೋಕೆ ಈ ಊರಲ್ಲಿ ನಿನಗಿಂತ ಒಳ್ಳೆಯವರು ಸಿಗಲಿಲ್ಲ."

ವಿಷಯ ಇದು. ಗಂಡ ಬಿಟ್ಟುಹೋದ ಮೇಲೆ ಟೈಲರಕ್ಕ ಒಬ್ಬ ಬಡಗಿಯ ಜೊತೆ ಬಾಳುತ್ತಿದ್ದಳು. ಮದುವೆ ಆಗಿರಲಿಲ್ಲ. ಎರಡನೇ ಮಗು ಬಡಗಿಯದು. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಈ ಸಂಗತಿ ಶಾಲೆಗೆ ಹೊಸ ಅಧ್ಯಕ್ಷರು ಬಂದ ಮೇಲೆ ದೊಡ್ಡ ಅಪರಾಧವಾಯಿತು. ನಡತೆ ಸರಿಯಿಲ್ಲದವಳು ಮಕ್ಕಳಿಗೆ ಪಾಠ ಹೇಳಬಾರದಂತೆ. ಸಮಿತಿಯ ಮುಂದೆ ವಿಚಾರಣೆ. ಅಲ್ಲಿ ಅವಳು ಉತ್ತರ ಕೊಡಬೇಕು. ಕೊಡದಿದ್ದರೆ ಆರೋಪ ಒಪ್ಪಿಕೊಂಡ ಲೆಕ್ಕ, ಕೆಲಸ ಹೋಗುತ್ತದೆ.

ನನ್ನನ್ನು ಕೇಳಿದರೆ, ಬೇರೆಯವರ ಮಂಚದ ಕೆಳಗೆ ಇಣುಕುವ ಇಂಥ ದೊಡ್ಡ ಮನುಷ್ಯರಿಗೇ ಮೊದಲು ನಡತೆಯ ವಿಚಾರಣೆ ಆಗಬೇಕು. ಆದರೆ ಕತೆ ಹೇಳುವವರನ್ನು ಯಾವ ಸಮಿತಿಯೂ ಕರೆಯುವುದಿಲ್ಲ.

* * *

ಸಮಿತಿಯ ಕೋಣೆ. ಉದ್ದ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು. ಒಂದು ಕಡೆ ಅಧ್ಯಕ್ಷರು, ಸದಸ್ಯರು. ಇನ್ನೊಂದು ಕಡೆ ಟೈಲರಕ್ಕ, ಪಕ್ಕದಲ್ಲಿ ವಕೀಲೆ. ಟೈಲರಕ್ಕನ ಕಣ್ಣಿಗೆ ನೇರ ಎದುರಾಗಿ ಕಪ್ಪು ಶರ್ಟಿನ ದುಭಾಷಿ.

ವಕೀಲೆ ತನ್ನ ವಾದ ಮುಗಿಸಿದ್ದಳು. ಹೊಲಿಗೆ ಸರಿಯಾಗಿ ಕಲಿಸುತ್ತಾಳೋ ಇಲ್ಲವೋ, ಅದನ್ನು ಕೇಳಿ. ಮನೆಯ ಬಾಗಿಲ ಒಳಗಿನದು ಶಾಲೆಯ ಕೆಲಸವಲ್ಲ. ನಿಮ್ಮ ಧರ್ಮ ನಿಮಗೆ, ಅವಳ ಸಂಬಳಕ್ಕೆ ಅದನ್ನು ತಂದು ಕಟ್ಟಬೇಡಿ.

ಸದಸ್ಯರಲ್ಲಿ ಕೆಲವರು ತಲೆ ಆಡಿಸುತ್ತಿದ್ದರು. ಅಧ್ಯಕ್ಷರಿಗೆ ಅದೇ ತಡೆಯಲಾಗಲಿಲ್ಲ.

"ಕಿವಿ ಕೇಳಲ್ಲ ಅಂತ ಕನಿಕರಪಟ್ಟು ಕೆಲಸ ಕೊಟ್ವಿ. ನಾಚಿಕೆಯೂ ಇಲ್ಲ ಅಂತ ಗೊತ್ತಿರಲಿಲ್ಲ," ಎಂದರು ಅವರು.

ದುಭಾಷಿಯ ಕೈ ಅದನ್ನು ಪೂರ್ತಿ ತೋರಿಸಿತು. ಟೈಲರಕ್ಕ ಮುಖ ಅಲುಗಿಸಲಿಲ್ಲ.

"ಇನ್ನು ಇವಳ ಪರ ಬಂದಿರೋ ಈ ವಕೀಲೆ. ಗಂಡನೂ ಇಲ್ಲ, ದೇವರೂ ಇಲ್ಲ. ಒಬ್ಬಳು ಕಂಡವರಿಗೆ ಹೆರ್ತಾಳೆ, ಇನ್ನೊಬ್ಬಳು ಕಂಡವರಿಗೆ ಬಸಿರಾಗಿ ತೆಗೆಸ್ಕೋತಾಳೆ. ಸರಿಯಾದ ಜೋಡಿ."

ಒಬ್ಬ ಸದಸ್ಯರು ನೀರಿನ ಲೋಟದ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು.

ವಕೀಲೆಯ ಮೂಗು ಕೆಂಪಾಯಿತು. ಆದರೆ ಇಂಥದು ಅವಳಿಗೆ ಹೊಸದಲ್ಲ. ಅಂಕಣ ಬರೆದ ಪ್ರತಿ ವಾರ ಇದಕ್ಕಿಂತ ಹೊಲಸು ಮಾತು ಬರುತ್ತವೆ. ಅವಳು ದುಭಾಷಿಯ ಕಡೆ ನೋಡಿದಳು.

ಅವನ ಕೈಗಳು ಹೊಟ್ಟೆಯ ಹತ್ತಿರ ನಿಂತುಬಿಟ್ಟಿದ್ದವು. ಒಂದರ ಮೇಲೊಂದು. ಅಲುಗದೆ.

"ಇದಕ್ಕೆ ಏನಾದ್ರೂ ಹೇಳೋದಿದೆಯಾ ಕೇಳಿ," ಎಂದರು ಅಧ್ಯಕ್ಷರು.

ಅವನು ಆ ಪ್ರಶ್ನೆ ಒಂದನ್ನೇ ತೋರಿಸಿದ.

ಟೈಲರಕ್ಕ ಸ್ವಲ್ಪ ಹುಬ್ಬು ಗಂಟಿಕ್ಕಿದಳು. ಹೊಸದಾಗಿ ಅವಳಿಗೆ ಏನೂ ಕಂಡಿರಲಿಲ್ಲ. ಏನು ಹೇಳಬೇಕು? ಇಲ್ಲ ಎಂದು ತೋರಿಸಿದಳು.

"ಇಲ್ಲ," ಎಂದಿತು ಅವನ ದನಿ. ಸತ್ತುಹೋದ ದನಿ.

"ಬರ್ಕೊಳ್ಳಿ. ಉತ್ತರ ಇಲ್ಲ."

"ನಿಲ್ಲಿಸಿ."

ವಕೀಲೆ ಎದ್ದಿದ್ದಳು. ಮೇಜು ಸುತ್ತಿ ಬಂದು ಟೈಲರಕ್ಕನ ಎದುರು ನಿಂತಳು. ಶನಿವಾರಗಳಲ್ಲಿ ಕಲಿತ ಮುರುಕು ಸನ್ನೆಗಳು, ಒಂದರ ಹಿಂದೆ ಒಂದು.

'ಅಧ್ಯಕ್ಷ ಹೇಳಿದ. ನಿನಗೆ ಕಾಣಿಸಲಿಲ್ಲ. ನೀನು... ಕಂಡವರಿಗೆ ಹೆರುವವಳು.'

ಟೈಲರಕ್ಕನ ಕಣ್ಣು ಅರಳಿತು.

'ನಾನು...'

ಮುಂದಿನ ಸನ್ನೆ ಅವಳಿಗೆ ಗೊತ್ತಿರಲಿಲ್ಲ. ತಿರುಗಿ ದುಭಾಷಿಯ ಕಡೆ ನೋಡಿದಳು.

"ಬಸಿರು ತೆಗೆಸೋದು ಅಂತ ಹೇಗೆ ಹೇಳೋದು?"

"ಮೇಡಂ, ಬೇಡ..."

"ತೋರಿಸಿ."

ಅವನು ತೋರಿಸಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅದನ್ನೇ ಮಾಡಿ, ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು. 'ನಾನು ಕಂಡವರಿಗೆ ಬಸಿರಾಗಿ ತೆಗೆಸಿಕೊಳ್ಳುವವಳು. ನಾವಿಬ್ಬರು ಜೋಡಿ. ಅವನು ಹೇಳಿದ್ದು ಇಷ್ಟು. ಈಗ ಹೇಳು, ಉತ್ತರ ಇದೆಯಾ?'

ಟೈಲರಕ್ಕ ನಿಧಾನವಾಗಿ ಎದ್ದಳು. ದುಭಾಷಿಯ ಕಡೆ ಬೆರಳು ತೋರಿಸಿದಳು. ಅದು ಎಲ್ಲರಿಗೂ ಅರ್ಥವಾಯಿತು. ನೀನು ಹೇಳು, ಒಂದು ಅಕ್ಷರ ಬಿಡಬೇಡ.

ಅವನ ದನಿಯಲ್ಲಿ ಟೈಲರಕ್ಕನ ಸಿಟ್ಟು ಕೋಣೆ ತುಂಬಿತು.

"ಇದೆ ಉತ್ತರ. ನನಗೆ ಕೇಳಿಸಲ್ಲ ಅಂತ ನನ್ನ ಮುಖದ ಮುಂದೇನೇ ಬೈದ್ರಿ. ಕೇಳಿಸೋ ಹೆಂಗಸಾಗಿದ್ರೆ ಬೆನ್ನ ಹಿಂದೆ ಬೈತಿದ್ರಿ, ಅಷ್ಟೇ ವ್ಯತ್ಯಾಸ. ಗಂಡ ನನ್ನ ಬಿಟ್ಟು ಹೋದಾಗ ನನ್ನ ಮಗುವಿಗೆ ಅನ್ನ ಹಾಕೋಕೆ ನಿಮ್ಮಲ್ಲಿ ಯಾರೂ ಬರಲಿಲ್ಲ. ಬಡಗಿ ಬಂದ. ಈ ವಕೀಲೆ ಹೇಳೋದೆಲ್ಲ ನಾನು ಒಪ್ಪಲ್ಲ. ಆದ್ರೆ ಈ ಕೋಣೇಲಿ ನನಗೂ ತಿಳಿಯಬೇಕು ಅಂತ ಯೋಚಿಸಿದ್ದು ಅವಳೊಬ್ಬಳೇ. ಹೊಲಿಗೆ ಕಲಿಸೋಕೆ ನನಗೆ ಕೈ ಬೇಕು. ಕೈ ಇದೆ. ಇನ್ನೇನು ಬೇಕು, ಕೇಳಿ."

ಮತಕ್ಕೆ ಹಾಕಿ ಕೈ ಎತ್ತಿ ಎಂದಾಗ ಅಧ್ಯಕ್ಷರ ಕಡೆಯವರೇ ಮೇಜು ನೋಡುತ್ತ ಟೈಲರಕ್ಕನ ಪರ ಕೈ ಎತ್ತಿದರು. ಕೆಲಸ ಉಳಿಯಿತು.

* * *

ಹೊರಗೆ ಕಾರಿಡಾರಿನಲ್ಲಿ ಟೈಲರಕ್ಕ ದುಭಾಷಿಯ ಮುಂದೆ ಒಂದು ಕ್ಷಣ ನಿಂತಳು, ಬೆನ್ನು ತಿರುಗಿಸಿ ನಡೆದಳು. ಉಳಿದವರು ಅವನು, ವಕೀಲೆ ಇಬ್ಬರೇ.

"ಯಾಕೆ ನಿಂತಿತು ಕೈ?"

ಅವನು ತಲೆ ತಗ್ಗಿಸಿದ. "ಆ ಮಾತು ನಿಮ್ಮ ಬಗ್ಗೆ... ನನ್ನ ಕೈಗೆ ಬರಲಿಲ್ಲ."

"ನನಗೆ ಕೇಳಿಸಿಯಾಗಿತ್ತು ರೀ. ಕೋಣೇಲಿದ್ದ ಎಲ್ಲರಿಗೂ ಕೇಳಿಸಿಯಾಗಿತ್ತು. ನೀವು ಮುಚ್ಚಿಟ್ಟಿದ್ದು ಯಾರಿಂದ? ಕೆಲಸ ಕಳ್ಕೊಳ್ಳೋದ್ರಲ್ಲಿದ್ದ ಆಕೆಯಿಂದ. ಅದೂ ನನ್ನ ಮರ್ಯಾದೆಗೋಸ್ಕರ. ನನ್ನ ಮರ್ಯಾದೆ ಕಾಯೋಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

"ಆರಿಸೋಕೆ ನಾನ್ಯಾರು ಅಂದ್ರಿ ಅವತ್ತು. ನಾನು ಆ ಮಾತಿಗೆ ಮರುಳಾದೆ. ಈ ಒಬ್ಬ ಗಂಡಸು ಬೇರೆ ಥರ ಅಂದ್ಕೊಂಡೆ. ನೀವೂ ಅಷ್ಟೇ. ಹೆಂಗಸರಿಗೆ ಏನು ತಿಳೀಬೇಕು, ಏನು ತಿಳೀಬಾರದು, ಎಲ್ಲ ನೀವೇ ತೀರ್ಮಾನ ಮಾಡ್ತೀರಿ. ಹೋಗಿ."

ಅವನು ಹೋದ. ತಪ್ಪಿಲ್ಲ ಎನ್ನಲಿಲ್ಲ, ವಾದ ಮಾಡಲಿಲ್ಲ. ವಾದ ಮಾಡಿದ್ದರಾದರೂ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಶನಿವಾರ ಬಂತು. ಅವಳು ಪಾಠಕ್ಕೆ ಹೋಗಲಿಲ್ಲ. ಮುಂದಿನ ಶನಿವಾರವೂ ಹೋಗಲಿಲ್ಲ. ಅಂಕಣಕ್ಕೆ ಕೂತರೆ ಒಂದೇ ಸಾಲು ಹತ್ತು ಸಲ ಬರೆದು ಹೊಡೆದು ಹಾಕಿದಳು. 'ನನ್ನ ಸಿಟ್ಟು ನ್ಯಾಯದ್ದು' ಎಂದು ತನಗೆ ತಾನೇ ಹೇಳಿಕೊಂಡಳು. ನ್ಯಾಯದ್ದೇ ಆಗಿತ್ತು. ಆದರೆ ಆ ಕೈಗಳು ಹೊಟ್ಟೆಯ ಹತ್ತಿರ ಒಂದರ ಮೇಲೊಂದು ನಿಂತ ರೀತಿ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ಬಾಚಣಿಗೆ ಮತ್ತೆ ಕಳೆದುಹೋಯ್ತಾ?" ಎಂದಳು ಅಮ್ಮ.

"ಅವನು ಕೆಲಸದಲ್ಲಿ ಮೋಸ ಮಾಡಿದ ಅಮ್ಮ."

ನಡೆದದ್ದನ್ನೆಲ್ಲ ಹೇಳಿದಳು. ಅಮ್ಮ ಪಾತ್ರೆ ಒರೆಸುತ್ತ ಕೇಳಿದಳು.

"ತಪ್ಪೇ ಅವನದು," ಎಂದಳು ಕೊನೆಗೆ. "ಆದ್ರೆ ನಿನ್ನ ಬೈದ್ರೆ ಕೈ ಕಟ್ಟಿ ಹೋಗೋ ಒಬ್ಬ ಮನುಷ್ಯ ಇದ್ದಾನಲ್ಲ. ಇದು ನನ್ನ ಅಭಿಪ್ರಾಯ. ಪೇಪರಿನಲ್ಲಿ ಹಾಕಬೇಡ."

* * *

ಅವಳ ಕಪ್ಪು ಕೋಟಿನ ತೋಳು ಹರಿದಿತ್ತು. ಊರಲ್ಲಿ ಬೇರೆ ಟೈಲರುಗಳು ಇರಲಿಲ್ಲವೆಂದಲ್ಲ. ಆದರೂ ಸಂತೆಬೀದಿ ಮೂಲೆಗೇ ಹೋದಳು.

ಟೈಲರಕ್ಕ ಈಗ ಅವಳಿಗೆ ಬೆನ್ನು ತೋರಿಸುತ್ತಿರಲಿಲ್ಲ. ಕೋಟು ತೊಡಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಒಂದೊಂದಾಗಿ ತೋಳಿಗೆ ಚುಚ್ಚುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಅವನು. ಗಡ್ಡ ಬೆಳೆದಿತ್ತು.

ವಕೀಲೆಯನ್ನು ಅಲ್ಲಿ ಕಂಡು ಅವನಿಗೂ ದಿಗಿಲಾಯಿತು. ಟೈಲರಕ್ಕ ಅವನನ್ನು ನೋಡಿದ್ದೇ ತಡ, ವಕೀಲೆಯ ರಟ್ಟೆ ಹಿಡಿದು ಅಳತೆ ಜಾಗದೊಳಗೆ ಎಳೆದುಕೊಂಡು ಸರ್ರನೆ ಪರದೆ ಮುಚ್ಚಿದಳು.

ಪರದೆ ಮುಚ್ಚಿದರೆ ಅವನ ಕೈಗೆ ಬೆಲೆಯೇ ಇಲ್ಲ.

ಹೊರಗಿನಿಂದ ಅವನ ದನಿ ಬಂತು.

"ಮೇಡಂ... ಅವರ ಹತ್ರ ಕ್ಷಮೆ ಕೇಳೋಕೆ ಬಂದೆ. ದಿನಾ ಬರ್ತಿದ್ದೀನಿ. ನನ್ನ ಮುಖ ನೋಡಲ್ಲ ಅಂತಾರೆ. ನೀವು ಹೇಳ್ತೀರಾ?"

ವಕೀಲೆ ಕೋಟಿನಲ್ಲಿ ನೆಟ್ಟಗೆ ನಿಂತಳು.

"ಹೇಳ್ತೀನಿ. ನಿಯಮ ಗೊತ್ತಲ್ಲ. ಕೇಳಿಸಿದ್ದೆಲ್ಲ ತೋರಿಸ್ತೀನಿ. ಯಾವುದನ್ನೂ ಬಿಡಲ್ಲ."

"ಬಿಡಬೇಡಿ."

ಅವಳು ಟೈಲರಕ್ಕನ ಎದುರು ಕೈ ಎತ್ತಿದಳು. ಸೂಜಿ ಚುಚ್ಚಿತು. ಲೆಕ್ಕಿಸಲಿಲ್ಲ.

"ಅವತ್ತು ನಾನು ನಿಮಗೆ ಮೋಸ ಮಾಡಿದೆ," ಎಂದ ಅವನು. "ನಿಮ್ಮ ಕೆಲಸ ಹೋಗ್ತಿತ್ತು. ವಕೀಲರು ಇಲ್ಲದಿದ್ರೆ ಹೋಗೇ ಬಿಡ್ತಿತ್ತು. ಒಬ್ಬರು ಕೂಡ ಈಗ ನನ್ನನ್ನ ದುಭಾಷಿ ಕೆಲಸಕ್ಕೆ ಕರೆಯಲ್ಲ. ಅದು ಸರಿಯಾದ್ದೇ."

ಅವಳ ಕೈ ತೋರಿಸಿತು. ಟೈಲರಕ್ಕ ಮರುಪ್ರಶ್ನೆ ಹಾಕಿದಳು.

"ಯಾಕೆ ನಿಲ್ಲಿಸಿದೆ ಅಂತ ಕೇಳ್ತಿದ್ದಾರೆ," ಎಂದಳು ವಕೀಲೆ ಪರದೆಯ ಕಡೆಗೆ.

"ನನ್ನ ಅಭಿಪ್ರಾಯ ಹೇಳಬಹುದಾ?"

"ಅದೊಂದು ನಿಮ್ಮ ಹತ್ರ ಇದೆಯಾ?"

"ಇದೆ. ದೇವರನ್ನ ನಂಬ್ತೀನಿ. ಶಾಲೇಲಿ ಪ್ರಾರ್ಥನೆ ಬೇಡ ಅಂತೀನಿ, ಅದು ನನ್ನ ಮನೆ ವಿಷಯ. ಬಡಗಿಗಿಂತ ಒಳ್ಳೆ ಗಂಡನ್ನ ನಾನು ನೋಡಿಲ್ಲ. ಹೊಟ್ಟೆ ವಿಚಾರದಲ್ಲಿ ವಕೀಲರ ಮಾತು ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ."

ಅವಳ ಕೈ ಓಡುತ್ತಿತ್ತು. "ಅರ್ಧ ಅಂದ್ರೆ ಏನ್ರೀ?" ಎಂದು ಬಾಯಿಯೂ ಓಡಿತು. ಆ ಪ್ರಶ್ನೆಯನ್ನೂ ಟೈಲರಕ್ಕನಿಗೆ ತೋರಿಸಬೇಕಾಯಿತು.

"ಅದಕ್ಕೆ ಒಂದು ಜನ್ಮ ಜಗಳ ಬೇಕು. ಆಮೇಲೆ ಆಡೋಣ. ಅವತ್ತು ಆ ಮನುಷ್ಯನ ಕೆನ್ನೆಗೆ ಬಾರಿಸಬೇಕು ಅನ್ನಿಸ್ತು. ಬಾರಿಸೋ ಬದಲು ಕೈ ನಿಂತುಹೋಯ್ತು. ಯಾಕಂದ್ರೆ... ಅವನು ಬೈದಿದ್ದು ನಾನು ಪ್ರೀತಿಸೋ ಹೆಂಗಸನ್ನ."

ಪರದೆಯ ಒಳಗೆ ವಕೀಲೆಯ ಕೈ ಗಾಳಿಯಲ್ಲಿ ನಿಂತಿತು.

ನಾಲ್ಕು ಸನ್ನೆ ಅಷ್ಟೇ. ಎಲ್ಲ ಬರುತ್ತಿದ್ದ ಸನ್ನೆಗಳೇ. ಒಂದೂ ಮೇಲೇಳಲಿಲ್ಲ. ಗಂಟಲು ಕಟ್ಟಿದರೆ ಮಾತು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎದೆ ಕಟ್ಟಿದರೆ ಬೆರಳೂ ನಿಲ್ಲುತ್ತದೆ ಎಂದು ಈಗ ಗೊತ್ತಾಯಿತು. ಅವತ್ತು ಅವನಿಗೆ ಆಗಿದ್ದು ಇದೇ. ತಪ್ಪು ತಪ್ಪೇ. ಆದರೆ ಅದು ಹೇಡಿತನವಾಗಿರಲಿಲ್ಲ.

ಟೈಲರಕ್ಕ ಅವಳ ಮುಖವನ್ನೇ ನೋಡಿದಳು. ಕತ್ತರಿಯಿಂದ ಗೋಡೆಗೆ ಟಕ್ ಎಂದು ಬಡಿದಳು. 'ಏನಂದ? ಕೈ ಯಾಕೆ ನಿಂತಿತು?'

ವಕೀಲೆ ಮೂಗು ಒರೆಸಿಕೊಂಡು ಪೂರ್ತಿ ತೋರಿಸಿದಳು. ಒಂದೂ ಬಿಡದೆ.

'ಯಾರಂತೆ ಆ ಹೆಂಗಸು?'

'ನಾನು.'

ಟೈಲರಕ್ಕನ ಮುಖ ಅರಳಿತು. 'ಅದು ನನಗೆ ಎರಡು ತಿಂಗಳ ಹಿಂದೆಯೇ ಕಂಡಿತ್ತು. ಅವನ ಕ್ಷಮೆಗೆ ಇನ್ನೂ ಸಮಯ ಬೇಕು. ಇನ್ನೊಂದು ಸಲ ಕೈ ನಿಂತರೆ ನನ್ನ ಹತ್ತಿರ ಕತ್ತರಿ ಇದೆ ಅಂತ ಹೇಳು. ನಿನಗೆ? ನಿನಗೂ ಅವನು ಬೇಕಾ?'

ವಕೀಲೆ ಉತ್ತರ ಕೊಟ್ಟಳು. ಕೈಯಲ್ಲಿ, ಮುಖದಲ್ಲಿ, ಎರಡರಲ್ಲೂ.

ಹೊರಗೆ ನಿಂತವನಿಗೆ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಇಷ್ಟು ವರ್ಷ ಎರಡೂ ಕಡೆಯ ಮಾತು ತಿಳಿದು ನಿಂತವನು ಈಗ ಏನೂ ತಿಳಿಯದೆ ಒಂದು ಹಳೇ ಪರದೆ ನೋಡುತ್ತ ನಿಂತಿದ್ದ.

"ಮೇಡಂ... ಏನಂದ್ರು ಅವರು?"

"ಇನ್ನೊಂದು ಸಲ ಕೈ ನಿಂತರೆ ಕತ್ತರಿ ಇದೆಯಂತೆ."

"ಸರಿ." ಅವನ ದನಿ ಸಣ್ಣದಾಯಿತು. "ಮತ್ತೆ... ನೀವೇನಂದ್ರಿ?"

ಪರದೆ ಅಲುಗಿತು.

"ಕಾಣಿಸಿದ್ದನ್ನೂ ಕೇಳಿಸಬೇಕು. ನಿಯಮ ಇಬ್ಬರಿಗೂ ಒಂದೇ," ಎಂದ ಅವನು.

ಪರದೆ ಸರಿಯಿತು. ಒಂದು ತೋಳಿನ ತುಂಬ ಗುಂಡುಸೂಜಿ, ಕೆಂಪು ಮೂಗು, ಕೆನ್ನೆಯ ಮೇಲೆ ನೀರು.

"ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ," ಎಂದಳು.

"ಇರಲಿ."

"ದೇವರ ವಿಚಾರದಲ್ಲಿ ನಾನು ಬದಲಾಗಲ್ಲ."

"ಬೇಡ."

"ನನ್ನ ಯಾರಾದ್ರೂ ಬೈದ್ರೆ ಪೂರ್ತಿ ತೋರಿಸಬೇಕು. ಬಿಡಬಾರದು."

"ತೋರಿಸ್ತೀನಿ. ಆಮೇಲೆ ಹೊರಗೆ ಬಂದು ಅವನನ್ನ ನಾನೂ ಬೈತೀನಿ. ಆಗಬಹುದಾ?"

ಅವಳಿಗೆ ಅಳುವಿನ ಮಧ್ಯೆ ನಗು ಬಂತು. ಅವನ ಕಣ್ಣಿನ ಮೂಲೆ ಮಡಿಸಿಕೊಂಡಿತು.

"ಆಗಬಹುದು," ಎಂದಳು. "ಈಗ ಕೇಳಿಸ್ಕೊಳ್ಳಿ, ಇನ್ನೊಂದು ಸಲ ಹೇಳಲ್ಲ. ಟೈಲರಕ್ಕನಿಗೆ ನಾನು ಹೇಳಿದ್ದು... ಬೇಕು ಅಂತ."